ಗಂಡನ ಕೈಗೆ ಸಿಗದ ದುಡ್ಡು

ಗ್ಲೆಂಡಾ ಟ್ರಾಸ್ಕ್ ನನ್ನ ಕಿಟಕಿಯ ಮುಂದೆ ಮೊದಲ ಸಲ ಬಂದು ನಿಂತಾಗ ಅವಳ ಕೈಯಲ್ಲಿ ಮೇಸ್ತ್ರಿ ಬರೆದ ಎಚ್ಚರಿಕೆ ಚೀಟಿ ಇತ್ತು. ಒಂದೇ ವಾರದಲ್ಲಿ ಹನ್ನೊಂದು ಸಲ ಹೇಳದೆ ಕೇಳದೆ ಕೆಲಸದ ಸಾಲು ಬಿಟ್ಟು ಹೋಗಿದ್ದಾಳೆ, ಇನ್ನೊಮ್ಮೆ ಹೋದರೆ ಕೆಲಸ ಹೋಗುತ್ತದೆ ಎಂದು ಅದರಲ್ಲಿತ್ತು. ಅಂಥ ಚೀಟಿಗಳನ್ನು ಕಡತಕ್ಕೆ ಸೇರಿಸುವುದು ನನ್ನ ಕೆಲಸ. ನೆಬ್ರಾಸ್ಕಾದ ಬಯಲಿನಲ್ಲಿ ದಿನಕ್ಕೆ ಸಾವಿರಗಟ್ಟಲೆ ದನ ಕಡಿಯುವ ಈ ಮಾಂಸದ ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ರಜೆ, ವಿಮೆ, ಬೆರಳು ಕಡಿದುಕೊಂಡದ್ದು, ಸತ್ತದ್ದು, ಯಾವುದೇ ಆಗಲಿ, ಕಾಗದ ಬರುವುದು ಮಾರ್ವೀನ್ ಕುಚೆರಾ ಎಂಬ ನನ್ನ ಕಿಟಕಿಗೇ.

ಗ್ಲೆಂಡಾಳಿಗೆ ಆಗ ನಲವತ್ತೊಂದು. ಎತ್ತರದ ಹೆಂಗಸು, ಅಗಲ ಭುಜ. ಮೂಳೆಯಿಂದ ಮಾಂಸ ಬಿಡಿಸುವ ಸಾಲಿನಲ್ಲಿ ಒಂಬತ್ತು ವರ್ಷದಿಂದ ಚೂರಿ ಹಿಡಿದವಳು. ಸೊಂಟದ ಸರಪಳಿಯಲ್ಲಿ ಎರಡು ಚೂರಿಗಳ ಒರೆ ನೇತಾಡುತ್ತಿತ್ತು, ಎಡಗೈಗೆ ಉಕ್ಕಿನ ಹೆಣಿಗೆಯ ಗವಸು. ರಕ್ತ, ಕೊಬ್ಬು, ನೆಲ ತೊಳೆಯುವ ಬ್ಲೀಚಿನ ವಾಸನೆ ನಮಗೆಲ್ಲ ಮೂಗಿಗೆ ಹತ್ತುವುದೇ ಇಲ್ಲ. ಆದರೆ ಅವಳು ಹತ್ತಿರ ಬಂದಾಗ ಇನ್ನೊಂದು ವಾಸನೆ ಬಂತು. ನನ್ನ ತಾಯಿಯ ಕೊನೆಯ ಎರಡು ವರ್ಷ ಆ ವಾಸನೆಯ ಜೊತೆಗೇ ಕಳೆದವಳು ನಾನು.

"ಹನ್ನೊಂದು ಸಲ ಎಲ್ಲಿಗೆ ಹೋಗಿದ್ದೆ, ತಾಯಿ?" ಎಂದೆ.

"ಹೋಗ್ಲೇಬೇಕಾಗಿತ್ತು."

"ಒಳಗೆ ಬಾ. ಬಾಗಿಲು ಹಾಕ್ಕೋ."

ಬಾಗಿಲು ಹಾಕಿದಳು. ಕುರ್ಚಿ ತೋರಿಸಿದರೆ ಕೂರಲಿಲ್ಲ. "ಒದ್ದೆ ಆಗುತ್ತೆ," ಎಂದಳು. ಆಮೇಲೆ ನಿಂತುಕೊಂಡೇ, ಗೋಡೆಯ ಕ್ಯಾಲೆಂಡರ್ ನೋಡುತ್ತ, ಹೇಳಿದಳು.

ಮೂರು ವರ್ಷದ ಹಿಂದೆ ಅವಳ ಗಂಡ ಡೆಲ್ ಅಡುಗೆಮನೆಯಲ್ಲಿ ಅವಳನ್ನು ಕೆಡವಿ ಹೊಟ್ಟೆಯ ಕೆಳಗೆ ಒದ್ದಿದ್ದ. ಅವನು ದನ ಕೊಬ್ಬಿಸುವ ದೊಡ್ಡಿಯಲ್ಲಿ ಕೆಲಸ ಮಾಡುವವನು, ಕಾಲಲ್ಲಿ ಮುಂದುಗಡೆ ಉಕ್ಕು ಹಾಕಿದ ಬೂಟು. ಎಷ್ಟು ಸಲ ಒದ್ದ ಎಂಬುದು ಅವಳಿಗೆ ನೆನಪಿರಲಿಲ್ಲ. ಸೊಂಟದ ಎಲುಬು ಎರಡು ಕಡೆ ಸೀಳಿತ್ತು. ಆಸ್ಪತ್ರೆಯಲ್ಲಿ ಹಸು ಒದೆಯಿತು ಎಂದಳಂತೆ.

"ನಮ್ಮೂರಲ್ಲಿ ಹಸು ಒದೀತು ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ," ಎಂದಳು. "ಎಲುಬು ಕೂಡ್ತು. ಅವತ್ತಿಂದ ಉಚ್ಚೆ ಮಾತ್ರ ನಿಲ್ತಿಲ್ಲ. ಕೆಮ್ಮಿದ್ರೂ ಹೋಗುತ್ತೆ, ಬಗ್ಗಿದ್ರೂ ಹೋಗುತ್ತೆ. ನೀರು ಕುಡಿಯೋದೇ ಬಿಟ್ಟಿದೀನಿ."

"ಪ್ಯಾಡ್ ಹಾಕ್ಕೋಬಾರದಾ? ದೊಡ್ಡವರದ್ದು ಸಿಗುತ್ತಲ್ಲ."

"ನನ್ನ ಸಂಬಳ ಅವನ ಬ್ಯಾಂಕಿಗೆ ಹೋಗುತ್ತೆ. ಅಂಗಡಿ ಚೀಟಿ ಒಂದೊಂದೂ ನೋಡ್ತಾನೆ. ಒಂದ್ಸಲ ತಂದಿದ್ದೆ. 'ನಮ್ಮಜ್ಜಿ ಹಳೇ ಟವಲ್ ಕಟ್ಕೊಂಡೇ ಜೀವನ ತೆಗೆದ್ಲು, ನೀನ್ಯಾವ ರಾಣಿ' ಅಂದ. ಪೊಟ್ಟಣ ಒಲೆಗೆ ಹಾಕ್ದ."

ಅದು ನವೆಂಬರ್ ತಿಂಗಳು. ಮುಂದಿನ ವರ್ಷದ ವಿಮೆಯ ಫಾರ್ಮುಗಳನ್ನು ಎಲ್ಲರೂ ತುಂಬುವ ಹೊತ್ತು. ನನ್ನ ಮೇಜಿನ ಮೇಲೆ ಅವು ರಾಶಿ ಬಿದ್ದಿದ್ದವು. ಅದರಲ್ಲಿ ಯಾರೂ ಓದದ ಒಂದು ಪುಟವಿದೆ, ಆರೋಗ್ಯ ಖರ್ಚಿನ ಖಾತೆಯದ್ದು. ಅದನ್ನು ಎತ್ತಿ ಅವಳ ಮುಂದೆ ಇಟ್ಟೆ.

"ಕೇಳಿಲ್ಲಿ. ಸಂಬಳ ಬ್ಯಾಂಕ್ ಮುಟ್ಟೋಕೆ ಮುಂಚೇನೇ ವಾರಕ್ಕೆ ಹನ್ನೆರಡು ಡಾಲರ್ ಇಲ್ಲೇ ಮುರ್ಕೋತೀವಿ. ಅದಕ್ಕೆ ತೆರಿಗೇನೂ ಇಲ್ಲ. ನಿಂಗೆ ಒಂದು ಕಾರ್ಡ್ ಬರುತ್ತೆ. ಔಷಧಿಗೆ ನಡೆಯುತ್ತೆ, ಈ ಪ್ಯಾಡಿಗೂ ನಡೆಯುತ್ತೆ. ಬಿಯರಿಗೆ ನಡೆಯಲ್ಲ, ಸಿಗರೇಟಿಗೆ ನಡೆಯಲ್ಲ. ಜನವರಿ ಒಂದಕ್ಕೇ ಇಡೀ ವರ್ಷದ ದುಡ್ಡು ಕಾರ್ಡಲ್ಲಿರುತ್ತೆ."

"ಸಂಬಳ ಕಮ್ಮಿ ಆಗಿದ್ದು ಡೆಲ್‌ಗೆ ಗೊತ್ತಾದ್ರೆ?"

"ವಿಮೆ ಕಂತು ಜಾಸ್ತಿ ಆಯ್ತು ಅನ್ನು. ಈ ವರ್ಷ ಎಲ್ಲರಿಗೂ ಆಗಿದೆ."

"ಮನೆಗೆ ಕಾಗದ ಬರುತ್ತಾ?"

"ಇಲ್ಲ ಕಣೇ. ಎಲ್ಲಾ ಇಲ್ಲಿಗೇ ಬರೋ ಹಾಗೆ ಹಾಕ್ತೀನಿ. ನನ್ನ ಮಾತು ನಂಬು."

ಅವಳು ಸಹಿ ಮಾಡಿ ಹೋದಳು. ನಾನು ಫಾರ್ಮನ್ನು ಕಂಪ್ಯೂಟರಿಗೆ ಏರಿಸಿದೆ. ಕಾರ್ಡ್ ಎಲ್ಲಿಗೆ ಕಳಿಸಬೇಕು ಎಂಬ ಜಾಗದಲ್ಲಿ ಕಾರ್ಖಾನೆಯ ವಿಳಾಸ ಬರೆದೆ. ಅಷ್ಟರಲ್ಲಿ ಫೋನ್ ಬಂತು. ಯಾರದೋ ಮಣಿಕಟ್ಟು ಗರಗಸಕ್ಕೆ ಸಿಕ್ಕಿತ್ತು. ಕಾಗದಪತ್ರ ಎಲ್ಲಿಗೆ ಹೋಗಬೇಕು ಎಂಬ ಇನ್ನೊಂದು ಸಾಲು ಕೆಳಗಿತ್ತು, ಅದರಲ್ಲಿ ಅವಳ ಮನೆಯ ವಿಳಾಸ ತಾನಾಗಿಯೇ ತುಂಬಿಕೊಂಡಿತ್ತು. ಫೋನಿನಲ್ಲಿ ಮಾತಾಡುತ್ತಲೇ ಗುಂಡಿ ಒತ್ತಿಬಿಟ್ಟೆ.

ಜನವರಿಯಲ್ಲಿ ಕಾರ್ಡ್ ಬಂತು. ಗ್ಲೆಂಡಾ ಕೆಲಸಕ್ಕೆ ಬರುವ ದಾರಿಯಲ್ಲೇ ಔಷಧಿ ಅಂಗಡಿಗೆ ಹೋಗಿ ಪೊಟ್ಟಣ ತಂದು ನನ್ನ ಕಚೇರಿಯ ಕಪಾಟಿನಲ್ಲಿ, ಕ್ರಿಸ್ಮಸ್ ದೀಪದ ಸರಗಳ ಕೆಳಗೆ ಇಡುತ್ತಿದ್ದಳು. ಬೆಳಿಗ್ಗೆ ಒಂದು, ಊಟದ ಹೊತ್ತಿಗೆ ಒಂದು, ಹೋಗುವಾಗ ಒಂದು. ಎಚ್ಚರಿಕೆ ಚೀಟಿ ಮತ್ತೆ ಬರಲಿಲ್ಲ. ನೀರು ಕುಡಿಯತೊಡಗಿದಳು. ಊಟದ ಕೋಣೆಯಲ್ಲಿ ಇಷ್ಟು ದಿನ ಮೂಲೆಯಲ್ಲಿ ನಿಂತು ತಿನ್ನುತ್ತಿದ್ದವಳು ನಮ್ಮ ಮೇಜಿಗೆ ಬಂದು ಕೂತಳು. ನಾನು ಮಾಡಿ ತಂದ ಪ್ಲಮ್ ಹಣ್ಣಿನ ಕೊಲಾಚೆ ಬನ್ನು ಒಂದಾದ ಮೇಲೆ ಒಂದು ತಿಂದಳು. ಒಂದು ದಿನ ನೀರಿನ ಕೊಳವೆ ಒಡೆದು ಸಾಲಿನವರೆಲ್ಲ ತೊಯ್ದು ತೊಪ್ಪೆಯಾದಾಗ ನನ್ನ ಕಿಟಕಿಗೆ ಬಂದು ಕಿವಿಯಲ್ಲಿ, "ಮಾರ್ವೀನ್, ಇವತ್ತು ಒಳಗೆ ಒಣಗಿರೋಳು ನಾನೊಬ್ಳೇ ನೋಡಿ!" ಎಂದಳು. ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರ್ಚ್ ಎರಡನೇ ವಾರ, ಸೋಮವಾರ, ಒಂಬತ್ತು ಗಂಟೆಯ ಬಿಡುವಿನಲ್ಲಿ ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಮುಖದ ಎಡಭಾಗ ಊದಿ ಕಣ್ಣು ಮುಚ್ಚಿತ್ತು. ತುಟಿ ಸೀಳಿತ್ತು. ಉಸಿರು ಎಳೆದುಕೊಳ್ಳುವಾಗ ಪಕ್ಕೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು.

"ಮನೆಗೆ ಕಾಗದ ಬಂತು," ಎಂದಳು.

ಔಷಧಿ ಅಂಗಡಿಯಲ್ಲಿ ಶಾಂಪೂ, ಚಾಕೊಲೇಟು ಕೂಡ ಮಾರುತ್ತಾರಲ್ಲ, ಅದಕ್ಕೆ ಖಾತೆ ನೋಡಿಕೊಳ್ಳುವ ಕಂಪನಿಯವರು ಒಮ್ಮೊಮ್ಮೆ ಏನು ಕೊಂಡಿರಿ, ರಸೀದಿ ಕಳಿಸಿ ಎಂದು ಬರೆಯುತ್ತಾರೆ. ಶನಿವಾರ ಮಧ್ಯಾಹ್ನ ಡೆಲ್ ಅದನ್ನು ಒಡೆದು ಊಟದ ಮೇಜಿನ ಮೇಲೆ ಹರಡಿ ಗಟ್ಟಿಯಾಗಿ ಓದಿದ್ದ. "ನಿಮ್ಮ ಖಾತೆಯಿಂದ ಐವತ್ಮೂರು ಡಾಲರ್... ಯಾವ ಖಾತೆನೇ ಇದು? ಯಾವನ ಜೊತೆ ಓಡೋಕೆ ಕೂಡಿಡ್ತಿದೀಯ?" ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ನಂಬಲಿಲ್ಲ. ಕೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಅಂಗಳಕ್ಕೆ ಎಳೆದುಕೊಂಡು ಹೋದ. ದನಕ್ಕೆ ನೀರಿಡುವ ತೊಟ್ಟಿಯ ಮೇಲೆ ಹಿಮ ಗಟ್ಟಿಯಾಗಿತ್ತು. ಅವಳ ತಲೆಯಿಂದಲೇ ಅದನ್ನು ಒಡೆದು ನೀರಿನಲ್ಲಿ ಅದುಮಿ ಹಿಡಿದ. ಎತ್ತಿ, "ಎಷ್ಟಿದೆ?" ಎಂದ. ಮತ್ತೆ ಅದುಮಿದ. ಎತ್ತಿ, "ಎಷ್ಟಿದೆ?" ಹಾಗೆ ಏಳು ಸಲ. ಏಳನೆಯ ಸಲ ಅವಳು ಸಾವಿರ ಇದೆ ಎಂದಳು. ಯಾವ ಸಾವಿರ, ಎಲ್ಲಿಯ ಸಾವಿರ. ಏನೋ ಒಂದು ಹೇಳದಿದ್ದರೆ ಎಂಟನೆಯ ಸಲಕ್ಕೆ ಉಸಿರು ಉಳಿಯುತ್ತಿರಲಿಲ್ಲ.

"ಆಮೇಲೆ ನೆಲದ ಮೇಲೆ ಹಾಕ್ಕೊಂಡು ಪಕ್ಕೆಗೆ ಒದ್ದ. ಸೋಮವಾರ ಸಾವಿರಾನೂ ಕೈಗೆ ತಂದುಕೊಡು, ಇಲ್ಲ ನಾನೇ ಬಂದು ತಗೋತೀನಿ ಅಂದಿದಾನೆ."

ನಾನು ಕಂಪ್ಯೂಟರಿನಲ್ಲಿ ಅವಳ ಹೆಸರು ತೆಗೆದೆ. ಕಾಗದಪತ್ರದ ವಿಳಾಸದ ಎರಡನೇ ಸಾಲು ಕಣ್ಣಿಗೆ ಬಿತ್ತು.

"ಗ್ಲೆಂಡಾ, ಇದು ನನ್ನ ತಪ್ಪು. ನಾನೇ ನೋಡಲಿಲ್ಲ. ನಂಬು ಅಂದೋಳು ನಾನೇ..."

ಅವಳು ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅದನ್ನ ಈಗ ಬಿಡಿ," ಎಂದಳು. "ಅವನು ಇಲ್ಲಿಗೆ ಬರ್ತಾನೆ. ನೀವು ಬಾಗಿಲು ಹಾಕ್ಕೊಂಡಿರಿ."

"ಶೆರೀಫ್‌ನ ಪೊಲೀಸರಿಗೆ ಫೋನ್ ಮಾಡ್ತೀನಿ."

"ಎರಡು ಸಲ ಬಂದಿದ್ರು. ಎರಡು ಸಲಾನೂ ಅವನ ಜೊತೆ ಕಾಫಿ ಕುಡಿದು ಹೋದ್ರು." ಗವಸು ಎಳೆದುಕೊಂಡು ಸಾಲಿಗೆ ಹೊರಟುಹೋದಳು. ಮುರಿದ ಪಕ್ಕೆಲುಬು ಇಟ್ಟುಕೊಂಡು ಬೆಳಿಗ್ಗೆಯಿಂದ ಮಾಂಸ ಬಿಡಿಸುತ್ತಿದ್ದಳು.

ನಾನು ಫೋನ್ ಮಾಡಿದೆ. ಊಟವಾದ ಮೇಲೆ ಯಾರನ್ನಾದರೂ ಕಳಿಸುತ್ತೇವೆ ಎಂದರು.

ಡೆಲ್ ಹತ್ತೂಕಾಲಿಗೇ ಬಂದ. ದೊಡ್ಡಿಯಿಂದ ದನ ತುಂಬಿಕೊಂಡು ಬರುವ ಲಾರಿಗಳ ಜೊತೆ ಅವನಿಗೆ ಓಡಾಟವಿದ್ದುದರಿಂದ ಗೇಟಿನಲ್ಲಿ ಯಾರೂ ತಡೆದಿರಲಿಲ್ಲ. ಗಿಡ್ಡ ಆಳು, ಗೂಳಿಯ ಕತ್ತು, ಕೈಯಲ್ಲಿ ದನ ಅಟ್ಟುವ ಕೋಲು. ಕಿಟಕಿಯ ಮುಂದೆ ನಿಂತು ಟೋಪಿ ತೆಗೆದು ನಗುನಗುತ್ತಲೇ ಮಾತಾಡಿದ.

"ನನ್ನ ಹೆಂಡ್ತಿ ಸಾವಿರ ಡಾಲರ್ ನಿನ್ನ ಹತ್ರ ಇಟ್ಟಿದಾಳಂತೆ. ಕೊಡಮ್ಮ, ಹೋಗ್ತೀನಿ."

"ಅದು ಕೈಗೆ ಕೊಡೋ ದುಡ್ಡಲ್ಲ, ಡೆಲ್. ಆಸ್ಪತ್ರೆ ಸಾಮಾನಿಗೆ ಮಾತ್ರ ಬರೋದು. ಅವಳು ಕೊಂಡಿದ್ದು ಪ್ಯಾಡು. ಯಾಕೆ ಬೇಕಾಯ್ತು ಅಂತ ನಿಂಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಕೊನೆಯ ಮಾತು ಆಡಬಾರದಾಗಿತ್ತು. ನಗು ಹಾಗೆಯೇ ಇತ್ತು, ಕೋಲು ಮಾತ್ರ ಮೇಲೆದ್ದು ಕಿಟಕಿಯ ಗಾಜಿನ ಮೇಲೆ ಬಿತ್ತು. ಚೂರುಗಳು ನನ್ನ ಮುಖಕ್ಕೆ ರಾಚಿದವು. ಅವನು ಒಳಗೆ ಕೈ ಹಾಕಿ ನನ್ನ ಕೂದಲು ಹಿಡಿದು ಎಳೆದ. ಐವತ್ತೆಂಟು ವರ್ಷದ ನನ್ನನ್ನು ಗೋಣಿಚೀಲದಂತೆ ಕಟ್ಟೆಯ ಮೇಲೆ, ಗಾಜಿನ ಮೇಲೆ, ಎಳೆದುಕೊಂಡ. ಕೋಲು ಮತ್ತೆ ಬಿತ್ತು. ನನ್ನ ಹೆಗಲ ಎಲುಬು ಮುರಿದ ಸದ್ದು ನನಗೇ ಕೇಳಿಸಿತು, ಹಸಿ ಕಟ್ಟಿಗೆ ಮುರಿದ ಹಾಗೆ.

"ಲೇ ಮುದುಕಿ, ಮನೆಮುರುಕಿ! ಗಂಡನ ದುಡ್ಡು ಮುಚ್ಚಿಡೋದು ಹೇಳ್ಕೊಡ್ತೀಯಾ? ಎಲ್ಲಿದೆ? ತೆಗಿ!"

ಯಾರೋ ಕೂಗಿಕೊಂಡು ಸಾಲಿನ ಕಡೆ ಓಡಿದರು. ಸ್ವಲ್ಪ ಹೊತ್ತಿಗೆ ಗ್ಲೆಂಡಾಳ ದನಿ ಕೇಳಿಸಿತು.

"ಅವರನ್ನ ಬಿಡು, ಡೆಲ್."

ಬಿಳಿ ಕೋಟಿನ ತುಂಬ ರಕ್ತ, ದನದ್ದು. ಕಚೇರಿಯ ಮುಂದಿನ ಓಣಿಯ ಆ ತುದಿಯಲ್ಲಿ ನಿಂತಿದ್ದಳು. ಅವಳ ಹಿಂದೆ ಸಾಲಿನವರು ಹತ್ತು ಹನ್ನೆರಡು ಜನ. ಅವನು ನನ್ನನ್ನು ಬಿಟ್ಟ. ನಾನು ಗಾಜಿನ ಮೇಲೆ ಬಿದ್ದೆ.

"ಬಂದ್ಯಾ ಮಹಾರಾಣಿ?" ಎಂದ. ಆಮೇಲೆ ಅವಳ ಹಿಂದಿನವರಿಗೆ, "ಇವಳ ಜೊತೆ ಹೆಂಗ್ರಪ್ಪಾ ನಿಲ್ತೀರ? ನಾತ ಹೊಡೆಯಲ್ವಾ? ರಾತ್ರಿ ಇಡೀ ಹಾಸಿಗೆ ನೆನೆಸ್ತಾಳೆ, ಕರು ಹಾಕಿದ ಮುದಿ ಹಸು ಥರ!"

ಯಾರೂ ನಗಲಿಲ್ಲ. ಅವನು ಎರಡೇ ಹೆಜ್ಜೆಯಲ್ಲಿ ಅವಳ ಮೇಲೆ ಬಿದ್ದ. ಕೋಲು ಎಸೆದು ಬಲಗೈಯಿಂದ ಗಂಟಲು ಹಿಡಿದು ಗೋಡೆಗೆ ಒತ್ತಿದ. ಮೊಣಕಾಲಿನಿಂದ ಮುರಿದ ಪಕ್ಕೆಗೇ ಗುದ್ದಿದ. ಅವಳ ಬಾಯಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ. ಹಿಮ್ಮಡಿ ನೆಲದಿಂದ ಎದ್ದಿತ್ತು. ಇಬ್ಬರು ಗಂಡಸರು ಅವನ ಬೆನ್ನು ಹಿಡಿದು ಜಗ್ಗಿದರು. ಮೊಣಕೈಯಿಂದ ಒಬ್ಬನ ಹಲ್ಲು ಉದುರಿಸಿದ, ಆದರೆ ಗಂಟಲು ಬಿಡಲಿಲ್ಲ. ಅವಳ ಮುಖ ನೀಲಿಗಟ್ಟುತ್ತಿತ್ತು.

ಬಲಗೈ ಒರೆಗೆ ಹೋದದ್ದನ್ನು ನಾನು ನೆಲದ ಮೇಲಿಂದ ನೋಡಿದೆ.

ಅವಳು ಚುಚ್ಚಲಿಲ್ಲ. ಒಂಬತ್ತು ವರ್ಷ ದಿನಕ್ಕೆ ಸಾವಿರ ಸಲ ಮಾಡಿದ ಕೆಲಸವನ್ನೇ ಮಾಡಿದಳು. ಚೂರಿಯ ತುದಿ ಅವನ ಬಲ ಮಣಿಕಟ್ಟಿನ ಒಳಬದಿಗೆ ಅಡ್ಡಲಾಗಿ ಹೋಯಿತು. ಬೆರಳುಗಳು ಒಂದೇ ಸಲ ಸಡಿಲಾಗಿ ಬಿಚ್ಚಿಕೊಂಡವು, ಅವನ ಮನಸ್ಸು ಇನ್ನೂ ಹಿಸುಕುತ್ತಿದ್ದರೂ. ಅವನು ಕೈಯನ್ನು ಬೆರಗಾಗಿ ನೋಡಿಕೊಂಡ. ಆಮೇಲೆ ಬೊಬ್ಬೆ ಹೊಡೆದು ಎಡಗೈಯಿಂದ ಅವಳ ಕಣ್ಣಿಗೆ ಗುದ್ದಿದ, ಬೂಟುಗಾಲು ಎತ್ತಿದ. ಅವಳು ಬಗ್ಗಿ, ನೆಲದ ಮೇಲಿದ್ದ ಕಾಲಿನ ಮಂಡಿಯ ಹಿಂದೆ ಒಂದೇ ಎಳೆತ ಎಳೆದಳು. ದಪ್ಪ ನರ ಕಡಿದ ಶಬ್ದ ನಮಗೆಲ್ಲ ಗೊತ್ತಿದ್ದದ್ದೇ. ಅವನು ಕುಸಿದು ಬಿದ್ದ. ಎದ್ದೇಳಲು ಎರಡು ಸಲ ನೋಡಿದ. ಆಗಲಿಲ್ಲ.

ಅವಳು ಅವನ ಮೇಲೆ ಬಾಗಿದಳು. ಚೂರಿ ಅವನ ಕಿವಿಯ ಕೆಳಗೆ ನಿಂತಿತು. ಓಣಿಯಲ್ಲಿ ಯಾರೂ ಅಲುಗಾಡಲಿಲ್ಲ. ನಿಜ ಹೇಳುತ್ತೇನೆ, ಬೇಡ ಎಂದು ನಾನೂ ಕೂಗಲಿಲ್ಲ.

"ನೀರು ಕೇಳ್ತೀಯಾ, ಡೆಲ್?" ಎಂದಳು, ಗಂಟಲು ಒಡೆದ ದನಿಯಲ್ಲಿ. "ತೊಟ್ಟಿಗೆ ಕರ್ಕೊಂಡು ಹೋಗ್ಲಾ?"

ಅವನು ಅಳುತ್ತಿದ್ದ. ಅವಳು ಚೂರಿಯನ್ನು ಕೋಟಿಗೆ ಒರೆಸಿ, ಒರೆಗೆ ಹಾಕಿ, ತನ್ನ ಸೊಂಟದ ಸರಪಳಿ ಬಿಚ್ಚಿ ಅವನ ಮಂಡಿಯ ಮೇಲೆ ಬಿಗಿದು ಕಟ್ಟಿದಳು, ರಕ್ತ ನಿಲ್ಲಲಿ ಎಂದು. ಮಣಿಕಟ್ಟಿಗೆ ಯಾರದೋ ಏಪ್ರನ್ನಿನ ದಾರ. ಎದ್ದು ನಿಂತಾಗ ಅವಳ ಬಿಳಿ ಪ್ಯಾಂಟು ತೊಡೆಯಿಂದ ಬೂಟಿನವರೆಗೆ ಒದ್ದೆಯಾಗಿದ್ದುದನ್ನು ಎಲ್ಲರೂ ನೋಡಿದರು. ಅವಳೂ ನೋಡಿಕೊಂಡಳು.

"ಮಾರ್ವೀನ್, ಕಪಾಟಿನ ಬೀಗದ ಕೈ ಎಲ್ಲಿದೆ?" ಎಂದಳು.

"ಮೇಲಿನ ಡ್ರಾಯರಲ್ಲಿ."

ಹಿಂದೆ ನಿಂತಿದ್ದವರು ದಾರಿ ಬಿಟ್ಟರು. ಅವಳು ಪೊಟ್ಟಣದಿಂದ ಒಂದನ್ನು ತೆಗೆದುಕೊಂಡು, ಮರೆಮಾಡದೆ ಕೈಯಲ್ಲಿ ಹಿಡಿದು, ಶೌಚಾಲಯಕ್ಕೆ ಹೋದಳು. ಶೆರೀಫನ ಜನ ಬಂದಾಗ ಒಣ ಬಟ್ಟೆ ಉಟ್ಟು ನನ್ನ ಪಕ್ಕದಲ್ಲಿ ಕೂತು ನನ್ನ ಹಣೆಯಿಂದ ಗಾಜು ಕೀಳುತ್ತಿದ್ದಳು.

ಓಣಿಯಲ್ಲಿ ಕ್ಯಾಮೆರಾ ಇತ್ತು. ಸರಕಾರಿ ವಕೀಲರು ಅದನ್ನು ಎರಡು ಸಲ ನೋಡಿ ಮರುದಿನವೇ ಅವಳ ಮೇಲೆ ಯಾವ ಕೇಸೂ ಇಲ್ಲ ಎಂದರು. ಕಾರ್ಖಾನೆಯವರು ಅಷ್ಟು ಉದಾರಿಗಳಾಗಿರಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಒಂದು ಕಾಗದ ನನ್ನ ಮೇಜಿಗೆ ಬಂತು. ಕೆಲಸದ ಚೂರಿಯನ್ನು ಆಯುಧವಾಗಿ ಬಳಸಿದ್ದಕ್ಕೆ ಗ್ಲೆಂಡಾ ಟ್ರಾಸ್ಕ್ ವಜಾ. ನಾನು ತೋಳನ್ನು ಎದೆಗೆ ಕಟ್ಟಿಕೊಂಡು, ಹಣೆಗೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದೆ. ನನ್ನ ಬದಲಿಗೆ ಯಾರೂ ಇಲ್ಲ, ಒಂದು ದಿನದ ಮಟ್ಟಿಗೆ ಬಾ ಎಂದು ಕರೆಸಿದ್ದರು.

ಆ ಕಾಗದವನ್ನು ಓದಿದೆ. ಕೆಲಸ ಹೋಗಿದೆ ಎಂದು ನಾನು ಕಂಪ್ಯೂಟರಿಗೆ ಏರಿಸಿದ ಗಳಿಗೆಯಲ್ಲೇ ಅವಳ ಕಾರ್ಡ್ ಸಾಯುತ್ತದೆ. ಸಂಜೆ ಐದರೊಳಗೆ ಏರಿಸಬೇಕು ಎಂದು ನಿಯಮ. ಕಾಗದವನ್ನು ಡ್ರಾಯರಿನಲ್ಲಿ ಬೋರಲು ಹಾಕಿದೆ. ಒಂಟಿ ಕೈಯವಳಿಗೆ ಕೆಲಸ ನಿಧಾನ ತಾನೇ? ಮನೆಗೆ ಫೋನ್ ಮಾಡಿದೆ. ಸೋಮವಾರದಿಂದ ಗ್ಲೆಂಡಾ ನನ್ನ ಹೊಲಿಗೆ ಕೋಣೆಯಲ್ಲಿ ಮಲಗುತ್ತಿದ್ದಳು.

"ನಿನ್ನ ಗಾಡಿ ತಗೊಂಡು ಬಾ. ಕಾರ್ಡ್ ತಗೊಂಡು ಬಾ."

ಔಷಧಿ ಅಂಗಡಿಯ ಮುಂದೆ ಅವಳು ಗಾಡಿಯಿಂದ ಇಳಿಯಲಿಲ್ಲ. "ನಾನು ಕಟ್ಟಿರೋದು ಮೂರು ತಿಂಗಳಿಂದು ಕೂಡ ಆಗಿಲ್ಲ. ಇಡೀ ವರ್ಷದ್ದು ತಗೊಂಡ್ರೆ ಕಳ್ಳತನ ಆಗಲ್ವಾ?"

"ನಿಯಮ ಹಾಗೇ ಇದೆ ಕಣೇ. ಬರೆದಿದ್ದು ನಾನಲ್ಲ, ನೀನಲ್ಲ. ನಿನ್ನ ಕೈಯಿಂದ ವಾಪಸ್ ಕೇಳೋ ಹಾಗಿಲ್ಲ. ಇಷ್ಟು ವರ್ಷದಲ್ಲಿ ಕೆಲಸದವರ ಕಡೆ ವಾಲಿದ ಒಂದೇ ಒಂದು ನಿಯಮ ನಾನು ನೋಡಿದ್ದು ಇದು. ಇಳಿ."

ಅಂಗಡಿಯಲ್ಲಿ ಇದ್ದದ್ದನ್ನೆಲ್ಲ ಕೊಂಡೆವು. ಸಾಲದ್ದಕ್ಕೆ ಗೋದಾಮಿನಿಂದ ಇನ್ನೂ ನಾಲ್ಕು ಪೆಟ್ಟಿಗೆ ತರಿಸಿಕೊಂಡೆವು. ಅವಳು ಕಾರ್ಡ್ ಎಳೆದಳು. ಯಂತ್ರ ಒಂದು ಕ್ಷಣ ಯೋಚಿಸಿ ಸರಿ ಎಂದಿತು. ಮುರಿದ ಪಕ್ಕೆಯ ಒಬ್ಬಳು, ಮುರಿದ ಹೆಗಲಿನ ಒಬ್ಬಳು, ನರಳುತ್ತ ಪೆಟ್ಟಿಗೆ ಹೊತ್ತು ಗಾಡಿಯ ಹಿಂಭಾಗಕ್ಕೆ ತುಂಬಿದೆವು. ಮಾರ್ಚ್ ತಿಂಗಳ ಗಾಳಿ. ಒಂದು ಪೆಟ್ಟಿಗೆ ಹಾರಿ ಬೀದಿಯ ಆ ಬದಿಗೆ ಉರುಳಿತು. ಬ್ಯಾಂಕಿನಿಂದ ಹೊರಬಂದ ಮುದುಕನೊಬ್ಬ ಅದನ್ನು ಎತ್ತಿ, ಮೇಲೆ ಬರೆದದ್ದನ್ನು ಓದಿ, ಗಲಿಬಿಲಿಯಾಗಿ ನಿಂತ. ಗ್ಲೆಂಡಾ ಊದಿದ ಮುಖ ಎತ್ತಿಕೊಂಡೇ ರಸ್ತೆ ದಾಟಿ ಹೋದಳು. "ನಂದೇ," ಎಂದಳು. "ಥ್ಯಾಂಕ್ಸ್."

ನಾಲ್ಕೂ ಐವತ್ತಕ್ಕೆ ನಾನು ಕಚೇರಿಗೆ ಬಂದು ಡ್ರಾಯರಿನ ಕಾಗದ ತೆಗೆದು ಏರಿಸಿದೆ.

ಡೆಲ್‌ಗೆ ನಾಲ್ಕು ವರ್ಷ ಜೈಲಾಯಿತು. ಬಲಗೈ ಮುಷ್ಟಿ ಕಟ್ಟುವುದಿಲ್ಲ, ಕಾಲು ಎಳೆದುಕೊಂಡು ನಡೆಯುತ್ತಾನೆ ಎಂದು ಕೇಳಿದ್ದೇನೆ. ಫಾರ್ಮಿನ ಆ ಎರಡನೇ ಸಾಲಿನ ವಿಷಯ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲ. ಏಳು ಸಲ ನೀರಿನಲ್ಲಿ ಮುಳುಗಿಸಿದ್ದು ಅವನ ಕೈಯಾದರೂ, ಆ ಕೈಗೆ ಕಾಗದ ಕೊಟ್ಟವಳು ನಾನು. ಗ್ಲೆಂಡಾ ಒಮ್ಮೆಯೂ ಆ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ.

ಅವಳು ಈಗ ಕಿಯರ್ನಿ ಎಂಬ ಊರಲ್ಲಿ ಬಿತ್ತನೆ ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಅಲ್ಲಿಯ ಡಾಕ್ಟರಿಗೆ ಹಸುವಿನ ಕತೆ ಹೇಳದೆ ನಿಜ ಹೇಳಿದಳಂತೆ. ಆಪರೇಷನ್ ಆಯಿತು. ಪೂರ್ತಿ ಅಲ್ಲ, ಅರ್ಧ ಗುಣವಾಗಿದೆ. ಕಳೆದ ಬೇಸಿಗೆಯಲ್ಲಿ ಇಬ್ಬರೂ ಅವಳ ಗಾಡಿಯಲ್ಲಿ ಕೊಲೊರಾಡೋದ ಬೆಟ್ಟ ನೋಡಲು ಹೋಗಿದ್ದೆವು. ಹತ್ತಿರ ಹತ್ತಿರ ಆರು ಗಂಟೆಯ ದಾರಿ. ಶೌಚಾಲಯಕ್ಕೆಂದು ಎರಡೇ ಸಲ ಗಾಡಿ ನಿಲ್ಲಿಸಿದಳು. ಎರಡು ಸಲವೂ ನನಗೋಸ್ಕರ.